ಗುಣವಾಗದ ಹೊಟ್ಟೆ ಕ್ಯಾನ್ಸರ್: ಮುಂಬಯಿಯ ಮನೆಯಲ್ಲಿ ಆರೈಕೆ ಮಾಡುವುದು ಹೇಗೆ?

"ಇನ್ನು ಏನೂ ಮಾಡಲಿಕ್ಕಿಲ್ಲ, ಮನೆಗೆ ಕರ್ಕೊಂಡು ಹೋಗಿ." ಅಣ್ಣನ ವಿಷಯದಲ್ಲಿ ಒಂದು ಆಸ್ಪತ್ರೆ ನಮಗೆ ಹೇಳಿದ್ದು ಇಷ್ಟೇ. ಅವನಿಗೆ ಮೇದೋಜೀರಕ ಗ್ರಂಥಿಯ, ಅಂದರೆ ಪ್ಯಾಂಕ್ರಿಯಾಸಿನ ಕ್ಯಾನ್ಸರ್. ಲಿವರ್‌ಗೂ ಹರಡಿತ್ತು. ಮೂವತ್ತು ವರ್ಷ ಠಾಣೆಯಲ್ಲಿ ಹೋಟೆಲ್ ನಡೆಸಿದವನು, ಡೊಂಬಿವಲಿಯ ಮನೆಯಲ್ಲಿ ಮೂರು ವಾರ ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು, ಮುಂದಕ್ಕೆ ಬಗ್ಗಿ ಕೂತು ರಾತ್ರಿ ಕಳೆದ. ಆ ಮೂರು ವಾರದ ನೋವು ಅವನಿಗೆ ಬೇಕಿರಲಿಲ್ಲ. ಮಾಡಲಿಕ್ಕೆ ಬೇಕಾದಷ್ಟಿತ್ತು. ನಮಗೆ ಗೊತ್ತಿರಲಿಲ್ಲ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಅನ್ನನಾಳ, ಜಠರ, ಲಿವರ್, ಪಿತ್ತಕೋಶ, ಪ್ಯಾಂಕ್ರಿಯಾಸ್ ಅಥವಾ ದೊಡ್ಡ ಕರುಳಿನ ಕ್ಯಾನ್ಸರ್ ಆಗಿ, "ಪೂರ್ತಿ ಗುಣ ಆಗೋದಿಲ್ಲ" ಎಂದು ಡಾಕ್ಟರು ಹೇಳಿದ್ದರೆ ಇದನ್ನು ಓದಿ. ಔಷಧಿಯ ಪ್ರಮಾಣ ಡಾಕ್ಟರೇ ಹೇಳಬೇಕು. ಏನು ಕೇಳಬೇಕು, ಎಲ್ಲಿ ಕೇಳಬೇಕು, ಮನೆಯಲ್ಲಿ ಏನು ಮಾಡಬೇಕು ಅನ್ನೋದನ್ನು ನಾನು ಹೇಳುತ್ತೇನೆ.

ಮೊದಲು ಪ್ಯಾಲಿಯೇಟಿವ್ ವಿಭಾಗಕ್ಕೆ ಚೀಟಿ ಕೇಳಿ

ಪ್ಯಾಲಿಯೇಟಿವ್ ಕೇರ್ ಅಂದರೆ ಸಾಯುವವರ ವಾರ್ಡ್ ಅಂತ ನಮ್ಮ ಜನ ತಿಳಿದಿದ್ದಾರೆ. ನಾವೂ ಹಾಗೇ ತಿಳಿದಿದ್ದೆವು. ಹಾಗಲ್ಲ. ನೋವು, ವಾಂತಿ, ತುರಿಕೆ, ನಿದ್ದೆಯಿಲ್ಲದಿರುವುದು, ಭಯ, ಮನೆಯವರ ಸುಸ್ತು, ಇವನ್ನೆಲ್ಲ ನೋಡಿಕೊಳ್ಳುವ ಪ್ರತ್ಯೇಕ ವೈದ್ಯಕೀಯ ವಿಭಾಗ ಅದು. ಕೀಮೋ ನಡೆಯುತ್ತಿರುವಾಗಲೇ ಅಲ್ಲಿಗೆ ಹೋಗಬಹುದು. ಕಾಯಿಲೆ ಗುಣವಾಗುವುದಿಲ್ಲ ಎಂದು ಗೊತ್ತಾದ ದಿನವೇ ಹೋಗುವುದು ಒಳ್ಳೆಯದು. ಜನ ಕೊನೆಯ ವಾರದಲ್ಲಿ ಹೋಗುತ್ತಾರೆ. ಆಗ ಡಾಕ್ಟರಿಗೆ ರೋಗಿಯ ಪರಿಚಯ ಆಗುವಷ್ಟೂ ಸಮಯ ಇರುವುದಿಲ್ಲ.

ಚೀಟಿ ಕೇಳುವ ಭೇಟಿಯಲ್ಲೇ ಕ್ಯಾನ್ಸರ್ ಡಾಕ್ಟರ ಹತ್ತಿರ ಒಂದು ಪ್ರಶ್ನೆ ನೇರವಾಗಿ ಕೇಳಿ: "ಈ ಕೀಮೋ ಯಾತಕ್ಕೆ? ಗುಣ ಮಾಡಲಿಕ್ಕಾ, ಆಯಸ್ಸು ಸ್ವಲ್ಪ ಹೆಚ್ಚಿಸಲಿಕ್ಕಾ, ತೊಂದರೆ ಕಡಿಮೆ ಮಾಡಲಿಕ್ಕಾ?" ಮೂರೂ ಬೇರೆ ಬೇರೆ. ಉತ್ತರ ಗೊತ್ತಿದ್ದರೆ ಊರಿನ ಜಮೀನು ಅಡವಿಟ್ಟು ಇನ್ನೊಂದು ಸುತ್ತು ಕೀಮೋ ಕೊಡಿಸಬೇಕೋ ಬೇಡವೋ ಅನ್ನೋದನ್ನು ಮನೆಯವರು ಕೂತು ಯೋಚಿಸಬಹುದು.

ಮುಂಬಯಿಯಲ್ಲಿ ಇರುವವರಿಗೆ ಈ ವಿಷಯದಲ್ಲಿ ಅನುಕೂಲ ಜಾಸ್ತಿ. ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರಿಂದ ಇದೆ. ಅಲ್ಲಿ ಪ್ಯಾಲಿಯೇಟಿವ್ ಮೆಡಿಸಿನ್ ಅಂತಲೇ ಒಂದು ವಿಭಾಗವಿದೆ. ಹೊರರೋಗಿಗಳನ್ನು ನೋಡುತ್ತಾರೆ, ಅವರ ತಂಡ ಮನೆಗೂ ಬರುತ್ತದೆ. ಬಾಂದ್ರಾದಲ್ಲಿ ಶಾಂತಿ ಅವೇದನಾ ಸದನ ಇದೆ. 1986ರಲ್ಲಿ ಡಾ. ಲೂಯಿಸ್ ಜೋಸ್ ಡಿಸೋಜಾ ಶುರು ಮಾಡಿದ್ದು, ಭಾರತದ ಮೊದಲ ಹಾಸ್ಪೈಸ್. ಕಾಯಿಲೆ ತುಂಬಾ ಮುಂದುವರಿದ ಕ್ಯಾನ್ಸರ್ ರೋಗಿಗಳನ್ನು ಅಲ್ಲಿ ಉಚಿತವಾಗಿ ಇಟ್ಟುಕೊಂಡು ನೋಡಿಕೊಳ್ಳುತ್ತಾರೆ. ಗೋವಾದವರಿಗೆ ಅದೇ ಸಂಸ್ಥೆಯ ಶಾಖೆ ಲೌಟೊಲಿಮ್‌ನಲ್ಲಿದೆ. ಪುಣೆಯವರಿಗೆ ವಾರ್ಜೆಯಲ್ಲಿ ಸಿಪ್ಲಾ ಪ್ಯಾಲಿಯೇಟಿವ್ ಕೇರ್ ಸೆಂಟರ್ ಇದೆ. ಅದು 1997ರಿಂದ ನಡೆಯುತ್ತಿದೆ, ಅಲ್ಲೂ ಹಣ ತೆಗೆದುಕೊಳ್ಳುವುದಿಲ್ಲ. ರೋಗಿಯ ಜೊತೆ ಮನೆಯವರೊಬ್ಬರು ಉಳಿಯಬಹುದು. ಅಲ್ಲಿ ಕೆಲವು ದಿನ ಇದ್ದು, ನೋವು ಹತೋಟಿಗೆ ಬಂದ ಮೇಲೆ, ಆರೈಕೆ ಕಲಿತು ಮನೆಗೆ ಬರುವವರೂ ಇದ್ದಾರೆ. ಹೋದವರೆಲ್ಲ ಅಲ್ಲೇ ತೀರಿಕೊಳ್ಳುತ್ತಾರೆ ಅಂದುಕೊಳ್ಳಬೇಡಿ.

ಹೋಗುವಾಗ ಬಯಾಪ್ಸಿ ವರದಿ, ಕೊನೆಯ ಸಿಟಿ ಸ್ಕ್ಯಾನ್, ಡಿಸ್ಚಾರ್ಜ್ ಕಾಗದ, ಈಗ ತೆಗೆದುಕೊಳ್ಳುತ್ತಿರುವ ಎಲ್ಲಾ ಮಾತ್ರೆ ಒಂದೇ ಚೀಲದಲ್ಲಿರಲಿ. ಆಯುರ್ವೇದ, ನಾಟಿ ಔಷಧಿ ಕೊಡುತ್ತಿದ್ದರೆ ಮುಚ್ಚಿಡಬೇಡಿ. ಬೈಯುತ್ತಾರೆ ಅಂತ ಹೆದರಿ ಮುಚ್ಚಿಟ್ಟರೆ, ಕೊಡುವ ಔಷಧಿಗೂ ಅದಕ್ಕೂ ಹೊಂದದೆ ತೊಂದರೆಯಾಗಬಹುದು.

ನೋವನ್ನು ಕನ್ನಡದಲ್ಲೇ ಬರೆದುಕೊಳ್ಳಿ

ಇದು ಸಣ್ಣ ವಿಷಯ ಅನಿಸಬಹುದು. ನನ್ನ ಅನುಭವದಲ್ಲಿ ಇದಕ್ಕಿಂತ ಉಪಯೋಗಕ್ಕೆ ಬಂದದ್ದು ಬೇರೆ ಇಲ್ಲ.

ಇಲ್ಲಿಯ ಆಸ್ಪತ್ರೆಗಳಲ್ಲಿ ಮಾತೆಲ್ಲ ಹಿಂದಿ, ಮರಾಠಿಯಲ್ಲಿ. ಅಣ್ಣನಿಗೆ ಎರಡೂ ಚೆನ್ನಾಗಿ ಬರುತ್ತಿತ್ತು. ಆದರೂ ಡಾಕ್ಟರು "ಕೈಸಾ ದರ್ದ್ ಹೈ?" ಅಂದಾಗ "ಬಹುತ್ ಹೈ" ಅಂತ ಸುಮ್ಮನಾಗುತ್ತಿದ್ದ. ನೋವಿನ ಮಾತು ಬರುವುದು ಹುಟ್ಟಿದ ಮನೆಯ ಭಾಷೆಯಲ್ಲೇ ಅಲ್ವಾ? ಮನೆಯಲ್ಲಿ ಅತ್ತಿಗೆ ಹತ್ತಿರ "ಬೆನ್ನಿನ ತನಕ ಕೊರೆದ ಹಾಗಾಗ್ತದೆ, ಮಲಗಿದ್ರೆ ಜಾಸ್ತಿ, ಬಗ್ಗಿ ಕೂತ್ರೆ ಕಡಿಮೆ" ಅಂದಿದ್ದ. ಅದನ್ನು ನಾನು ಡಾಕ್ಟರಿಗೆ ಹೇಳಿದ ಕೂಡಲೇ ಅವರಿಗೆ ಅರ್ಥವಾಯಿತು. ಪ್ಯಾಂಕ್ರಿಯಾಸಿನ ಹಿಂದಿರುವ ನರಗಳ ಗುಂಪಿನ ನೋವು ಸಾಮಾನ್ಯವಾಗಿ ಹಾಗೇ ಇರುತ್ತದಂತೆ.

ಹಾಗಾಗಿ ಒಂದು ನೋಟ್‌ಬುಕ್ ಇಡಿ. ಎಲ್ಲಿ ನೋವು, ಎಷ್ಟು ಹೊತ್ತಿಗೆ, ಏನು ಮಾಡಿದರೆ ಹೆಚ್ಚು, ಏನು ಮಾಡಿದರೆ ಕಡಿಮೆ, ಸೊನ್ನೆಯಿಂದ ಹತ್ತರ ಲೆಕ್ಕದಲ್ಲಿ ಎಷ್ಟು. ಮುಖ್ಯವಾಗಿ, ಯಾವ ತರಹದ್ದು. ಉರಿ, ಶಾಕ್ ಹೊಡೆದ ಹಾಗೆ, ಚುಚ್ಚಿದ ಹಾಗೆ ಇದ್ದರೆ ಅದು ನರದ ನೋವಿರಬಹುದು. ಅದಕ್ಕೆ ಬೇರೆಯೇ ಮಾತ್ರೆ ಇದೆ. ಬಟ್ಟೆ ಹಿಂಡಿದ ಹಾಗೆ ಬಂದು ಹೋಗುವುದಾದರೆ ಕರುಳಿನ ಸೆಳೆತ. ಅದಕ್ಕೆ ಇನ್ನೊಂದು. ಬಲಪಕ್ಕೆಯಲ್ಲಿ ಬಿಗಿದು ಭಾರವಾದ ಹಾಗಿದ್ದರೆ ಲಿವರ್ ಊದಿರಬಹುದು. ಹಿಂದಿಯಲ್ಲಿ ಹೇಳಬೇಕಾದರೆ ಉರಿಗೆ ಜಲನ್, ಚುಚ್ಚುವುದಕ್ಕೆ ಚುಭನ್, ಹಿಂಡುವುದಕ್ಕೆ ಮರೋಡ್. ಇಷ್ಟು ಗೊತ್ತಿದ್ದರೆ ಸಾಕು.

ಊರಿಂದ ಬಂದ ಅಮ್ಮಂದಿರಿಗೆ ಕನ್ನಡವೋ ತುಳುವೋ ಬಿಟ್ಟು ಬೇರೆ ಬರುವುದಿಲ್ಲ. ಅವರ ಪರವಾಗಿ ಮಗ ಮಾತಾಡುತ್ತಾನೆ, ಮಗ ಹೇಳುವುದು ಅರ್ಧ. ಆದ್ದರಿಂದ ಅವರ ಮಾತನ್ನೇ ಬರೆದುಕೊಂಡು ಹೋಗಿ ಒಂದೊಂದಾಗಿ ಹೇಳಿ.

ಮಾರ್ಫಿನ್ ವಿಷಯ

ಕಡಿಮೆ ನೋವಿಗೆ ಸಾಧಾರಣ ಮಾತ್ರೆ, ಮಧ್ಯಮಕ್ಕೆ ಸ್ವಲ್ಪ ಬಲವಾದದ್ದು, ತೀವ್ರವಾದರೆ ಮಾರ್ಫಿನ್. ಈ ಮೂರು ಮೆಟ್ಟಿಲಿನ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿದೆ. ಆದರೂ ಮಾರ್ಫಿನ್ ಅಂದ ಕೂಡಲೇ ಮನೆಯವರು ಬೆಚ್ಚುತ್ತಾರೆ. ಚಟ ಹಿಡಿಯುತ್ತದೆ, ಬೇಗ ಸಾಯುತ್ತಾರೆ, ಇದು ಕೊನೆಯ ಔಷಧಿ ಅಂತೆಲ್ಲ.

ಕ್ಯಾನ್ಸರ್ ನೋವಿಗೆ, ಅನುಭವವಿರುವ ಡಾಕ್ಟರು ಅಳೆದು ಕೊಡುವ ಮಾರ್ಫಿನ್ ಆಯಸ್ಸು ಕಡಿಮೆ ಮಾಡುವುದಿಲ್ಲ. ಚಟವಾಗುವುದೂ ತೀರಾ ಅಪರೂಪ. ನೋವು ಕಡಿಮೆಯಾದ ಮೇಲೆ ನಮ್ಮ ಅಣ್ಣ ತಾನೇ ಎದ್ದು ಬಾಲ್ಕನಿಗೆ ಹೋಗಿ ಕೂತ. ಹೋಟೆಲಿಗೆ ಫೋನ್ ಮಾಡಿ ಸಾಂಬಾರಿಗೆ ಇವತ್ತು ಏನು ಹಾಕಿದ್ರಿ ಅಂತ ವಿಚಾರಿಸಿದ. ಒಂದು ತಿಂಗಳಿಂದ ಆ ದನಿ ನಾವು ಕೇಳಿರಲಿಲ್ಲ.

ಮಾರ್ಫಿನ್ ಸಾಮಾನ್ಯ ಮೆಡಿಕಲ್ ಅಂಗಡಿಯಲ್ಲಿ ಸಿಗುವುದು ಕಷ್ಟ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಬಿಗಿಯಿಂದಾಗಿ ವರ್ಷಗಟ್ಟಲೆ ಅದು ಬೇಕಾದವರಿಗೆ ಸಿಗಲೇ ಇಲ್ಲ. 2014ರ ತಿದ್ದುಪಡಿಯ ನಂತರ ದಾರಿ ಸುಲಭವಾಗಿದೆ. ಮಾನ್ಯತೆ ಪಡೆದ ಆಸ್ಪತ್ರೆಗಳು ಅದನ್ನು ಇಟ್ಟುಕೊಂಡು ಕೊಡಬಹುದು. ಅಂಗಡಿ ಅಂಗಡಿ ಸುತ್ತಿ ಸಮಯ ಹಾಳು ಮಾಡಬೇಡಿ, ಪ್ಯಾಲಿಯೇಟಿವ್ ವಿಭಾಗದಿಂದಲೇ ತನ್ನಿ.

ಮನೆಯಲ್ಲಿ ನಡೆಸುವ ಕ್ರಮ ಹೀಗಿದೆ. ಸಾಧಾರಣ ಮಾರ್ಫಿನ್ ಮಾತ್ರೆಯ ಶಕ್ತಿ ಸುಮಾರು ನಾಲ್ಕು ಗಂಟೆ. ಹಾಗಾಗಿ ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10 ಅಂತ ಗಡಿಯಾರ ನೋಡಿ ಕೊಡುತ್ತಾರೆ. ನಡುರಾತ್ರಿ ಎಬ್ಬಿಸುವುದು ಬೇಡ ಅಂತ ರಾತ್ರಿ ಹತ್ತರದ್ದನ್ನು ಸಾಮಾನ್ಯವಾಗಿ ಎರಡರಷ್ಟು ಬರೆಯುತ್ತಾರೆ. ನೋವು ಬಂದಾಗ ಕೊಡೋಣ ಅಂತ ಕಾಯಬೇಡಿ. ನೋವು ತಲೆ ಎತ್ತಿದ ಮೇಲೆ ಅದನ್ನು ಇಳಿಸುವುದು ಕಷ್ಟ. ನಡುವೆ ನೋವು ಬಂದರೆ ಎಷ್ಟು ಹೆಚ್ಚುವರಿ ಕೊಡಬಹುದು ಅಂತ ಮೊದಲೇ ಕೇಳಿ, ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ.

ಮೊದಲ ಎರಡು ಮೂರು ದಿನ ಮಂಪರು, ಒಂದು ವಾರ ವಾಕರಿಕೆ ಇರಬಹುದು. ಎರಡೂ ಸಾಮಾನ್ಯವಾಗಿ ಹೋಗುತ್ತವೆ. ಹೋಗದೆ ಉಳಿಯುವುದು ಮಲಬದ್ಧತೆ. ಮೊದಲ ಮಾತ್ರೆಯ ದಿನದಿಂದಲೇ ಭೇದಿ ಮಾತ್ರೆಯೂ ಶುರುವಾಗಬೇಕು, ಡಾಕ್ಟರು ಬರೆದಿಲ್ಲದಿದ್ದರೆ ಕೇಳಿ. ಕರುಳು ಕಟ್ಟಿಕೊಂಡಿದೆ ಎಂದು ಅವರು ಹೇಳಿದ್ದರೆ ಮಾತ್ರ ಇದು ಬದಲಾಗುತ್ತದೆ, ಅದನ್ನು ಮುಂದೆ ಹೇಳುತ್ತೇನೆ. ಮೂತ್ರ ತೀರಾ ಕಡಿಮೆಯಾಗಿ, ಎಬ್ಬಿಸಿದರೂ ಏಳದಷ್ಟು ಮಂಪರು ಬಂದರೆ ಮುಂದಿನ ಮಾತ್ರೆ ಕೊಡುವ ಮೊದಲು ಫೋನ್ ಮಾಡಿ. ಕಿಡ್ನಿ, ಲಿವರ್ ಸೋತಾಗ ಪ್ರಮಾಣ ಕಡಿಮೆ ಮಾಡಬೇಕಾಗುತ್ತದೆ.

ನುಂಗಲು ಆಗದವರಿಗೆ ಚರ್ಮಕ್ಕೆ ಅಂಟಿಸುವ ಫೆಂಟಾನಿಲ್ ಪ್ಯಾಚ್ ಇದೆ. ಸಾಮಾನ್ಯವಾಗಿ ಮೂರು ದಿನಕ್ಕೊಮ್ಮೆ ಬದಲಾಯಿಸಬೇಕು. ಅದರ ಮೇಲೆ ಬಿಸಿನೀರಿನ ಚೀಲ ಇಡಬಾರದು, ಶಾಖಕ್ಕೆ ಔಷಧಿ ಒಮ್ಮೆಲೇ ಒಳಗೆ ಹೋಗುತ್ತದೆ. ಜ್ವರ ಬಂದಾಗಲೂ ಎಚ್ಚರ. ಪ್ಯಾಂಕ್ರಿಯಾಸ್ ನೋವಿಗೆ ಇನ್ನೊಂದು ದಾರಿ ಇದೆ, ಸೀಲಿಯಾಕ್ ಪ್ಲೆಕ್ಸಸ್ ಬ್ಲಾಕ್. ಹೊಟ್ಟೆಯ ಹಿಂದಿನ ನರಗುಂಪಿಗೆ ಸೂಜಿಯಿಂದ ಔಷಧಿ ಬಿಟ್ಟು ನೋವಿನ ದಾರಿ ಮುಚ್ಚುತ್ತಾರೆ. ನಮ್ಮ ಅಣ್ಣನಿಗೆ ಮಾಡಿಸಿದ ಮೇಲೆ ಮಾರ್ಫಿನ್ ಅರ್ಧಕ್ಕೆ ಇಳಿಯಿತು. ಎಲ್ಲರಿಗೂ ಹೊಂದುವುದಿಲ್ಲ, ಆದರೆ ಕೇಳದೆ ಬಿಡಬೇಡಿ.

ಊಟದ ಸಂಕಟ

ನಮ್ಮದು ಹೋಟೆಲ್ ಮನೆ. ಬಂದವರಿಗೆ ಉಣಬಡಿಸುವುದೇ ನಮ್ಮ ಕಸುಬು, ನಮ್ಮ ಪ್ರೀತಿ ತೋರಿಸುವ ದಾರಿಯೂ ಅದೇ. ಅಣ್ಣ ತಟ್ಟೆ ಸರಿಸಿದಾಗೆಲ್ಲ ಅತ್ತಿಗೆ ಅಡುಗೆಮನೆಗೆ ಹೋಗಿ ಅಳುತ್ತಿದ್ದರು. "ಒಂದೇ ತುತ್ತು, ನನಗೋಸ್ಕರ" ಅಂತ ಬಾಯಿಗಿಡುತ್ತಿದ್ದರು. ಅವನು ಅವರ ಮುಖ ನೋಡಿ ನುಂಗುತ್ತಿದ್ದ. ಹತ್ತು ನಿಮಿಷಕ್ಕೆ ವಾಂತಿ.

ಪ್ಯಾಲಿಯೇಟಿವ್ ನರ್ಸ್ ಒಬ್ಬರು ಅತ್ತಿಗೆಯ ಕೈ ಹಿಡಿದುಕೊಂಡು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. ಊಟ ಬಿಟ್ಟದ್ದರಿಂದ ಕಾಯಿಲೆ ಹೆಚ್ಚಾಗುತ್ತಿಲ್ಲ, ಕಾಯಿಲೆ ಹೆಚ್ಚಾಗಿದ್ದರಿಂದ ಊಟ ಬೇಡವಾಗಿದೆ. ಈ ಹಂತದಲ್ಲಿ ಕ್ಯಾನ್ಸರ್ ದೇಹ ಆಹಾರ ಬಳಸುವ ಕ್ರಮವನ್ನೇ ಕೆಡಿಸುತ್ತದೆ. ಎಷ್ಟು ತುಂಬಿಸಿದರೂ ಮಾಂಸಖಂಡ ಕರಗುತ್ತಲೇ ಇರುತ್ತದೆ. ಅದು ನೀವು ಸರಿಯಾಗಿ ಉಣಿಸದ ತಪ್ಪಲ್ಲ. ಮನೆಯ ಹೆಂಗಸರಿಗೆ ಈ ಮಾತನ್ನು ಯಾರಾದರೂ ಹೇಳಲೇಬೇಕು.

ಹಾಗಂತ ಏನೂ ಕೊಡಬೇಡಿ ಎಂದಲ್ಲ. ದೊಡ್ಡ ತಟ್ಟೆ ತೆಗೆದಿಡಿ, ನೋಡಿಯೇ ಹೊಟ್ಟೆ ತುಂಬುತ್ತದೆ. ಚಿಕ್ಕ ಬಟ್ಟಲಿನಲ್ಲಿ ನಾಲ್ಕು ಚಮಚ, ಎರಡು ಮೂರು ಗಂಟೆಗೊಮ್ಮೆ. ಗಂಜಿ ತಿಳಿ, ರಾಗಿ ಮಣ್ಣಿ, ತಣ್ಣಗಿನ ಮೊಸರನ್ನ, ಮಜ್ಜಿಗೆ. ಒಗ್ಗರಣೆಯ ಘಾಟು ಹಲವರಿಗೆ ವಾಕರಿಕೆ ತರುತ್ತದೆ. ಒಂದೇ ಕೋಣೆಯ ಮನೆಯಾದರೆ ಅಡುಗೆಯ ಹೊತ್ತಿಗೆ ಕಿಟಕಿ ತೆರೆಯಿರಿ, ಇಲ್ಲವೇ ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿ ತನ್ನಿ. ಬೆಳಿಗ್ಗೆ ಹಸಿವು ಚೆನ್ನಾಗಿರುತ್ತದೆ, ಆಗಲೇ ಇಷ್ಟವಾದದ್ದು ಕೊಡಿ. ಅಣ್ಣ ಕೊನೆಯ ತಿಂಗಳು ಕೇಳಿದ್ದು ನೀರುದೋಸೆಯ ಅಂಚು ಮಾತ್ರ. ಅಷ್ಟೇ ಕೊಟ್ಟೆವು. ಸಕ್ಕರೆ ಕಾಯಿಲೆಯ ಪಥ್ಯವನ್ನೂ ಈ ಹಂತದಲ್ಲಿ ಎಷ್ಟು ಸಡಿಲ ಮಾಡಬಹುದೆಂದು ಡಾಕ್ಟರ ಹತ್ತಿರ ಕೇಳಿ.

ಬಾಯಿ ಸ್ವಚ್ಛವಿಲ್ಲದಿದ್ದರೆ ರುಚಿಯೇ ಇರುವುದಿಲ್ಲ. ಒಂದು ಲೋಟ ನೀರಿಗೆ ಅರ್ಧ ಚಮಚ ಅಡುಗೆ ಸೋಡ ಹಾಕಿ ದಿನಕ್ಕೆ ಮೂರು ನಾಲ್ಕು ಸಲ ಮುಕ್ಕಳಿಸಲಿ. ನಾಲಿಗೆ, ಕೆನ್ನೆಯ ಒಳಗೆ ಬಿಳಿ ಪದರ ಕಂಡರೆ ಅದು ಫಂಗಸ್ ಇರಬಹುದು, ಸುಲಭದ ಔಷಧಿ ಇದೆ.

ಗ್ಲೂಕೋಸ್ ಏರಿಸಿ ಅಂತ ನೆಂಟರು ಒತ್ತಾಯಿಸುತ್ತಾರೆ. ವಾಂತಿಯಿಂದ ನೀರು ಕಳೆದುಕೊಂಡವರಿಗೆ ಅದು ಬೇಕಾಗಬಹುದು. ಆದರೆ ಕೊನೆಯ ದಿನಗಳಲ್ಲಿ ದೇಹ ಆ ನೀರನ್ನು ಬಳಸುವುದಿಲ್ಲ. ಕಾಲು ಊದುತ್ತದೆ, ಎದೆಯಲ್ಲಿ ಕಫ ಗರಗರ ಎನ್ನುತ್ತದೆ.

ಯಾವ ಅಂಗಕ್ಕೆ ಯಾವ ತೊಂದರೆ

ಅನ್ನನಾಳದಲ್ಲಿ ಗಡ್ಡೆಯಾದರೆ ಮೊದಲು ಗಟ್ಟಿ, ಆಮೇಲೆ ಮೆತ್ತಗಿನದು, ಕೊನೆಗೆ ನೀರೂ ಇಳಿಯುವುದಿಲ್ಲ. ಲೋಹದ ಜಾಳಿಗೆಯ ಸ್ಟೆಂಟ್ ಹಾಕಿದರೆ ದಾರಿ ತೆರೆಯುತ್ತದೆ. ಹಾಕಿಸಿಕೊಂಡವರು ನಾರಿನ ಸೊಪ್ಪು, ದಪ್ಪ ಅನ್ನದ ಉಂಡೆ ತಪ್ಪಿಸಿ, ಕೂತೇ ತಿನ್ನಬೇಕು. ಮಲಗುವಾಗ ತಲೆಯ ಕಡೆ ಎತ್ತರ ಇರಲಿ. ಸ್ಟೆಂಟ್ ಹಾಕಲು ಆಗದಿದ್ದರೆ ಮೂಗಿನಿಂದ ಅಥವಾ ಹೊಟ್ಟೆಯಿಂದ ನಳಿಗೆ ಹಾಕುತ್ತಾರೆ. ಪ್ರತಿ ಸಲ ಆಹಾರ ಕೊಟ್ಟ ಮೇಲೆ ನೀರು ಬಿಟ್ಟು ತೊಳೆಯದಿದ್ದರೆ ನಳಿಗೆ ಕಟ್ಟಿಕೊಳ್ಳುತ್ತದೆ.

ಜಠರದ ಬಾಗಿಲು ಮುಚ್ಚಿಕೊಂಡರೆ ಬೆಳಿಗ್ಗೆ ಉಂಡದ್ದು ಸಂಜೆ ಹಾಗೇ ವಾಂತಿಯಾಗುತ್ತದೆ. ಸುಮ್ನೆ ಗ್ಯಾಸ್ಟ್ರಿಕ್ ಅಂದುಕೊಂಡು ಬಿಡಬೇಡಿ.

ಪಿತ್ತಕೋಶ, ಪಿತ್ತನಾಳ, ಪ್ಯಾಂಕ್ರಿಯಾಸಿನ ತಲೆಭಾಗ, ಇಲ್ಲಿ ಗಡ್ಡೆಯಾದರೆ ಪಿತ್ತ ಹರಿಯುವ ದಾರಿ ಕಟ್ಟಿ ಕಾಮಾಲೆ ಬರುತ್ತದೆ. ಕಣ್ಣು ಹಳದಿ, ಮೂತ್ರ ಕಡುಬಣ್ಣ, ಮಲ ಸುಣ್ಣದ ಹಾಗೆ. ಇದಕ್ಕೆ ನಾಟಿ ಕಾಮಾಲೆ ಔಷಧಿ ಕೊಡಿಸಲು ಊರಿಗೆ ಓಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಇದು ಕಟ್ಟಿಕೊಂಡ ನಾಳದ ಕಾಮಾಲೆ, ಸ್ಟೆಂಟ್ ಹಾಕಿ ದಾರಿ ಬಿಡಿಸಬೇಕು, ಅಥವಾ ಪಕ್ಕೆಯಿಂದ ನಳಿಗೆ ಹಾಕಿ ಪಿತ್ತವನ್ನು ಚೀಲಕ್ಕೆ ಬಿಡಬೇಕು. ಪ್ಲಾಸ್ಟಿಕ್ ಸ್ಟೆಂಟ್ ಮೂರು ತಿಂಗಳ ಆಸುಪಾಸಿಗೆ ಕಟ್ಟಿಕೊಳ್ಳಬಹುದು, ಲೋಹದ್ದು ಹೆಚ್ಚು ಕಾಲ ಬರುತ್ತದೆ. ಹಾಕಿದ ತಾರೀಕು ಬರೆದಿಡಿ. ಕಾಮಾಲೆಯ ತುರಿಕೆ ನೋವಿಗಿಂತ ಕೆಟ್ಟದ್ದು. ಮುಂಬಯಿಯ ಸೆಕೆಯಲ್ಲಂತೂ ಹೇಳುವುದೇ ಬೇಡ. ಉಗುರು ಕತ್ತರಿಸಿ, ಉಗುರುಬೆಚ್ಚಗಿನ ನೀರಿನ ಸ್ನಾನ, ಸಾಬೂನು ಕಡಿಮೆ, ಮೈಗೆ ತೆಂಗಿನೆಣ್ಣೆ, ತೆಳು ಹತ್ತಿಬಟ್ಟೆ. ಸಾಮಾನ್ಯ ಅಲರ್ಜಿ ಮಾತ್ರೆ ಇದಕ್ಕೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಇದಕ್ಕೇ ಬೇರೆ ಔಷಧಿಗಳಿವೆ, ಕೇಳಿ.

ಪ್ಯಾಂಕ್ರಿಯಾಸ್ ಸೋತರೆ ಮಲ ಎಣ್ಣೆಯಂತೆ ತೇಲುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ. ಜೀರ್ಣಿಸುವ ಎನ್‌ಜೈಮ್ ಕ್ಯಾಪ್ಸೂಲ್ ಸಿಗುತ್ತದೆ. ಅದನ್ನು ಊಟದ ಜೊತೆಗೇ ನುಂಗಬೇಕು, ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಪ್ರಯೋಜನವಿಲ್ಲ.

ಲಿವರ್ ಕಾಯಿಲೆಯಲ್ಲಿ ಹೊಟ್ಟೆಗೆ ನೀರು ತುಂಬುತ್ತದೆ. ಉಸಿರಾಡಲು, ಕೂರಲು ಕಷ್ಟವಾದರೆ ಸೂಜಿಯಿಂದ ತೆಗೆಸಿ, ಅವತ್ತೇ ಹಗುರವಾಗುತ್ತದೆ. ಪದೇ ಪದೇ ತುಂಬಿದರೆ ಸಣ್ಣ ನಳಿಗೆ ಇಟ್ಟು ಮನೆಯಲ್ಲೇ ತೆಗೆಯುವ ವ್ಯವಸ್ಥೆ ಮಾಡುತ್ತಾರೆ. ಹಗಲು ನಿದ್ದೆ, ರಾತ್ರಿ ಎಚ್ಚರ, ಮಾತು ತೊದಲುವುದು, ಗುರುತು ಹಿಡಿಯದಿರುವುದು ಕಂಡರೆ ಮರುಳು ಹಿಡಿಯಿತು ಅನ್ನಬೇಡಿ. ಲಿವರ್ ತೆಗೆಯಬೇಕಾದ ವಿಷ ತಲೆಗೇರಿರಬಹುದು. ದಿನಕ್ಕೆ ಎರಡು ಮೂರು ಸಲ ಮಲ ಸಡಿಲವಾಗುವಂತೆ ಲ್ಯಾಕ್ಟುಲೋಸ್ ಕೊಟ್ಟರೆ ಕೆಲವರು ತಿಳಿಯಾಗುತ್ತಾರೆ. ಅಂಗಡಿಯಿಂದ ನೋವಿನ ಮಾತ್ರೆ ತಂದು ಕೊಡುವುದು ಇವರಿಗೆ ಅಪಾಯ.

ದೊಡ್ಡ ಕರುಳಿನವರಿಗೆ ಹೊಟ್ಟೆಯ ಮೇಲೆ ಚೀಲ, ಅಂದರೆ ಸ್ಟೋಮಾ ಇರಬಹುದು. ಮೂರರಲ್ಲಿ ಒಂದು ಭಾಗ ತುಂಬುತ್ತಲೇ ಖಾಲಿ ಮಾಡಿ, ಸುತ್ತಲಿನ ಚರ್ಮವನ್ನು ಬರೀ ನೀರಿನಿಂದ ಒರೆಸಿ ಒಣಗಿಸಿ. ಇವರಿಗೆ, ಮತ್ತು ಹೊಟ್ಟೆಯೊಳಗೆಲ್ಲ ಹರಡಿದವರಿಗೆ, ದೊಡ್ಡ ಭಯ ಕರುಳು ಕಟ್ಟುವುದು. ಹೊಟ್ಟೆ ಉಬ್ಬಿ, ಗಾಳಿಯೂ ಹೋಗದೆ, ಹಿಂಡುವ ನೋವಿನ ಜೊತೆ ವಾಂತಿ. ಆಗ ಮನೆಯ ಹಿರಿಯರು ಹರಳೆಣ್ಣೆ ಕುಡಿಸುತ್ತಾರೆ. ಕುಡಿಸಬೇಡಿ! ಮುಚ್ಚಿದ ಕರುಳನ್ನು ಇನ್ನಷ್ಟು ಹಿಂಡಿದಂತಾಗುತ್ತದೆ. ಭೇದಿ ಮಾತ್ರೆಯನ್ನೂ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ. ಆಪರೇಷನ್ ಸಾಧ್ಯವಿಲ್ಲದಿದ್ದರೂ ಸೆಳೆತ, ವಾಂತಿ ಎರಡನ್ನೂ ಚರ್ಮದಡಿಯ ಇಂಜೆಕ್ಷನ್‌ನಿಂದ ತುಂಬಾ ಕಡಿಮೆ ಮಾಡಬಹುದು.

ಅದೇ ದಿನ ಫೋನ್ ಮಾಡಲೇಬೇಕಾದ ಇನ್ನೆರಡು ವಿಷಯಗಳಿವೆ. ಕಾಮಾಲೆ ಅಥವಾ ಸ್ಟೆಂಟ್ ಇದ್ದವರಿಗೆ ಚಳಿ ನಡುಗಿ ಜ್ವರ ಬಂದರೆ ನಾಳದಲ್ಲಿ ಸೋಂಕಾಗಿರಬಹುದು, ಬೆಳಗಾಗುವವರೆಗೆ ಕಾಯಬೇಡಿ. ಮಲ ಡಾಂಬರಿನಂತೆ ಕಪ್ಪಗೆ ಅಂಟಂಟಾಗಿದ್ದರೆ, ಅಥವಾ ವಾಂತಿಯಲ್ಲಿ ರಕ್ತ ಕಂಡರೆ, ಒಳಗೆ ರಕ್ತ ಒಸರುತ್ತಿದೆ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಅದನ್ನು ತೆಗೆದುಕೊಳ್ಳುತ್ತಿದ್ದರೆ ಹೇಳಿ. ರಕ್ತ ಹೋಗುವ ಸಂಭವ ಇದ್ದ ಮನೆಯಲ್ಲಿ ಕಡುಬಣ್ಣದ ಟವಲ್, ಹಾಸು ಇಡಲು ನರ್ಸ್ ಹೇಳುತ್ತಾರೆ. ಬಿಳಿ ಬಟ್ಟೆಯ ಮೇಲೆ ರಕ್ತ ನೋಡಿದರೆ ರೋಗಿಯ ಜೀವವೇ ಹಾರಿಹೋಗುತ್ತದೆ.

ಮನೆ

ಮಂಚ, ಗಾಳಿ ಹಾಸಿಗೆ, ಗಾಲಿಕುರ್ಚಿ, ಕಮೋಡ್ ಕುರ್ಚಿ ಕೊಳ್ಳಲು ಹೋಗಬೇಡಿ. ಡೊಂಬಿವಲಿ, ಠಾಣೆ, ಪುಣೆಯಲ್ಲೆಲ್ಲ "ರುಗ್ಣೋಪಯೋಗಿ ಸಾಹಿತ್ಯ ಕೇಂದ್ರ" ಅನ್ನುವ ಬೋರ್ಡ್ ಕಾಣುತ್ತದೆ. ನಾವು ಎಷ್ಟೋ ವರ್ಷ ಅದನ್ನು ಪುಸ್ತಕದ ಅಂಗಡಿ ಅಂದುಕೊಂಡು ದಾಟಿ ಹೋಗಿದ್ದೆವು. ಮರಾಠಿಯಲ್ಲಿ ಸಾಹಿತ್ಯ ಅಂದರೆ ಸಾಮಾನು ಅಂತಲೂ ಅರ್ಥ. ಸಣ್ಣ ಡಿಪಾಸಿಟ್ ಇಟ್ಟು, ಕಡಿಮೆ ಬಾಡಿಗೆಗೆ ಎಲ್ಲವನ್ನೂ ತರಬಹುದು.

ಲಿಫ್ಟ್ ಇಲ್ಲದ ಕಟ್ಟಡವಾದರೆ ಸ್ಟ್ರೆಚರ್ ಮೆಟ್ಟಿಲಿನಲ್ಲಿ ತಿರುಗುವುದಿಲ್ಲ. ಗಟ್ಟಿ ಕುರ್ಚಿಯಲ್ಲಿ ಕೂರಿಸಿ ಇಳಿಸಬೇಕು, ನಾಲ್ಕು ಜನರ ಫೋನ್ ನಂಬರ್ ಮೊದಲೇ ಇರಲಿ. 108ರ ಆಂಬುಲೆನ್ಸ್ ಉಚಿತ. ಮಲಗಿಯೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಸೊಂಟದ ಕೆಳಗೆ ಚರ್ಮ ಕೆಂಪಾದರೆ ಅದೇ ಹುಣ್ಣಿನ ಶುರು. ಲೋಕಲ್‌ನಲ್ಲಿ ಪರೇಲಿಗೆ ಹೋಗುವಷ್ಟು ಶಕ್ತಿ ಇದ್ದರೆ, ಅಂಗವಿಕಲರ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳಿಗೂ ಜಾಗವಿದೆ. ಆಸ್ಪತ್ರೆಯ ಕಾಗದ ಜೊತೆಗಿರಲಿ.

ಇನ್ನು ನೋಡಿಕೊಳ್ಳುವವರು. ರಾತ್ರಿ ಪಾಳಿ ಹಂಚಿಕೊಳ್ಳಿ. ನಮ್ಮಲ್ಲಿ ಅತ್ತಿಗೆಯೊಬ್ಬರೇ ಎರಡು ತಿಂಗಳು ಎದ್ದು ಎದ್ದು ಒಂದು ದಿನ ಬಾತ್‌ರೂಮಿನಲ್ಲಿ ಬಿದ್ದರು. ಮನಸ್ಸು ತಡೆಯದಾದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಫೋನ್ ಮಾಡಬಹುದು. ಕನ್ನಡದಲ್ಲೂ ಮಾತಾಡುತ್ತಾರೆ, ಹಣ ಬೀಳುವುದಿಲ್ಲ.

ಅವರಿಗೆ ಹೇಳಬೇಕಾ?

"ಅವರಿಗೆ ಗೊತ್ತಾದರೆ ಕುಸಿದು ಹೋಗ್ತಾರೆ, ಹೇಳ್ಬೇಡಿ." ನಾವೂ ಇದನ್ನೇ ಅಂದೆವು. ಎರಡು ತಿಂಗಳು ಅಲ್ಸರ್ ಅಂತ ನಾಟಕವಾಡಿದೆವು. ಒಂದು ರಾತ್ರಿ ಅಣ್ಣ ನನ್ನನ್ನು ಕೂರಿಸಿ, "ತಮ್ಮಾ, ಟಾಟಾಕ್ಕೆ ಅಲ್ಸರ್‌ಗೆ ಯಾರೂ ಹೋಗುದಿಲ್ಲ ಮಾರಾಯ" ಅಂದ. ಅವನಿಗೆ ಮೊದಲ ದಿನದಿಂದ ಗೊತ್ತಿತ್ತು. ನಮಗೆ ನೋವಾಗುತ್ತದೆ ಅಂತ ಅವನು ಸುಮ್ಮನಿದ್ದ. ಆ ಎರಡು ತಿಂಗಳು ಒಂದೇ ಮನೆಯಲ್ಲಿ ಎಲ್ಲರೂ ಒಂಟಿಯಾಗಿದ್ದೆವು.

ಎಲ್ಲವನ್ನೂ ಒಮ್ಮೆಲೇ ಹೇಳಬೇಕೆಂದಿಲ್ಲ. "ನಿಮಗೆ ಏನು ಅನಿಸ್ತದೆ? ಎಷ್ಟು ತಿಳ್ಕೊಳ್ಬೇಕು ಅಂತ ಇದೆ?" ಎಂದು ಕೇಳಿ, ಅವರು ಕೇಳಿದಷ್ಟು ಹೇಳಿ. ಸುಳ್ಳು ಮಾತ್ರ ಬೇಡ. ಹೇಗೆ ಹೇಳುವುದೆಂದು ಗೊತ್ತಾಗದಿದ್ದರೆ ಪ್ಯಾಲಿಯೇಟಿವ್ ಡಾಕ್ಟರು ಜೊತೆಗೆ ಕೂರುತ್ತಾರೆ.

ಗೊತ್ತಾದ ಮೇಲೆ ಅವರೇ ಮುಗಿಸಬಹುದಾದ ಕೆಲಸಗಳಿವೆ. ಬ್ಯಾಂಕ್, ಪಿಎಫ್, ವಿಮೆಯ ನಾಮಿನಿ ಸರಿ ಇದೆಯಾ ನೋಡಿ. ವಿಲ್ ಬರೆಯಲು ಇಬ್ಬರು ಸಾಕ್ಷಿ ಬೇಕು, ನೋಂದಣಿ ಕಡ್ಡಾಯವಲ್ಲ. ಕೊನೆಗೆ ವೆಂಟಿಲೇಟರ್ ಬೇಡ ಅನ್ನುವವರು ಲಿವಿಂಗ್ ವಿಲ್ ಮಾಡಬಹುದು. ಸುಪ್ರೀಂ ಕೋರ್ಟ್ 2018ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. 2023ರಲ್ಲಿ ಕ್ರಮ ಸುಲಭ ಮಾಡಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು.

ಊರಿಗೆ ಹೋಗಬೇಕು ಅಂದರೆ

ನಮ್ಮವರು ಇದನ್ನು ಕೇಳಿಯೇ ಕೇಳುತ್ತಾರೆ. ಹೋಗುವುದಾದರೆ ಅವರು ಕೂತು ಪ್ರಯಾಣ ಮಾಡುವ ಶಕ್ತಿ ಇರುವಾಗಲೇ ಹೋಗಿ. ಕುರ್ಲಾ ಟರ್ಮಿನಸ್‌ನಲ್ಲಿ ಮತ್ಸ್ಯಗಂಧ ರೈಲು ಹತ್ತಿದರೆ ನಮ್ಮ ಕರಾವಳಿಗೆ ಒಂದು ರಾತ್ರಿಯ ದಾರಿ. ಚಿಕಿತ್ಸೆಗೆ ಓಡಾಡುವ ಕ್ಯಾನ್ಸರ್ ರೋಗಿಗೂ ಜೊತೆಗಾರನಿಗೂ ರೈಲ್ವೆ ರಿಯಾಯಿತಿ ಇದೆ, ಅದರ ಫಾರ್ಮಿಗೆ ಡಾಕ್ಟರ ಸಹಿ ಬೇಕು. ಕೆಳಗಿನ ಬರ್ತ್, ಎರಡು ದಿನಕ್ಕೆ ಹೆಚ್ಚುವರಿ ಮಾತ್ರೆ, ಮಾರ್ಫಿನ್ ಚೀಟಿಯ ಪ್ರತಿ ಕೈಚೀಲದಲ್ಲೇ ಇರಲಿ. ಹೊರಡುವ ಮೊದಲು ಅಲ್ಲಿ ಯಾರು ನೋಡುತ್ತಾರೆ ಎಂದು ಗಟ್ಟಿ ಮಾಡಿಕೊಳ್ಳಿ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಪ್ಯಾಲಿಯೇಟಿವ್ ವಿಭಾಗವಿದೆ, ಬೆಂಗಳೂರಿನಲ್ಲಿ ಕರುಣಾಶ್ರಯ ಇದೆ. ಇಲ್ಲಿಯ ಡಾಕ್ಟರಿಂದ ಅಲ್ಲಿಗೆ ಪತ್ರ ತೆಗೆದುಕೊಳ್ಳಿ. ಮನೆಯ ಹತ್ತಿರ ಮಾರ್ಫಿನ್ ಸಿಗದ ಊರಿಗೆ ಹೋಗಿ, ನೋವಿನಲ್ಲಿ ವಾಪಸ್ ಬಂದವರಿದ್ದಾರೆ.

ಅಣ್ಣ ಹೋಗಲಿಲ್ಲ. ಕುಂದಾಪುರದ ಮನೆಯಂಗಳವನ್ನು ಫೋನಿನಲ್ಲಿ ತೋರಿಸಿದೆವು.

ಕೊನೆಯ ದಿನಗಳು

ನಿದ್ದೆ ಹೆಚ್ಚುತ್ತದೆ. ನುಂಗುವುದು ನಿಲ್ಲುತ್ತದೆ. ಕೈಕಾಲು ತಣ್ಣಗಾಗಿ ಬಣ್ಣ ಬದಲಾಗುತ್ತದೆ. ಉಸಿರು ಬಂದು, ನಿಂತು, ಮತ್ತೆ ಬರುತ್ತದೆ. ಗಂಟಲಲ್ಲಿ ಗರಗರ ಸದ್ದು ಕೇಳುತ್ತದೆ. ಕೇಳುವವರಿಗೆ ಭಯ, ಆದರೆ ಅವರಿಗೆ ಆಗ ಅದರ ಅರಿವು ಅಷ್ಟಾಗಿ ಇರುವುದಿಲ್ಲ. ಒಂದು ಪಕ್ಕಕ್ಕೆ ಮಲಗಿಸಿ. ಸದ್ದು ಕಡಿಮೆ ಮಾಡುವ ಇಂಜೆಕ್ಷನ್ ಇದೆ. ಬೇಡದ ಬಿಪಿ, ವಿಟಮಿನ್ ಮಾತ್ರೆಗಳನ್ನು ಡಾಕ್ಟರು ನಿಲ್ಲಿಸುತ್ತಾರೆ, ನೋವಿನ ಔಷಧಿಯನ್ನು ಚರ್ಮದಡಿಗೆ ಕೊಡಲು ಮನೆಯವರಿಗೇ ಕಲಿಸುತ್ತಾರೆ.

ಬಾಯಿಗೆ ನೀರು ಬಿಡುವ ಪದ್ಧತಿ ನಮ್ಮಲ್ಲಿದೆ. ಚಮಚದಿಂದ ಸುರಿದರೆ ಉಸಿರಿನ ದಾರಿಗೆ ಹೋಗುತ್ತದೆ. ಹತ್ತಿಯನ್ನು ತುಳಸಿ ನೀರಿನಲ್ಲಿ ಅದ್ದಿ ತುಟಿಗೆ, ನಾಲಿಗೆಗೆ ತಾಗಿಸಿ. ಕಿವಿ ಕೊನೆಯವರೆಗೂ ಕೇಳಬಹುದು ಅನ್ನುತ್ತಾರೆ, ಮಾತಾಡಿ.

ಮನೆಯಲ್ಲೇ ಹೋಗಲಿ ಎಂದು ತೀರ್ಮಾನಿಸಿದ್ದರೆ ಒಂದು ಕೆಲಸ ಮುಂಚೆಯೇ ಮಾಡಿ. ಸಾವಿನ ಕಾರಣ ಬರೆದ ಡಾಕ್ಟರ ಪ್ರಮಾಣಪತ್ರ ಇಲ್ಲದೆ ಸ್ಮಶಾನದಲ್ಲಿ ತೊಂದರೆಯಾಗುತ್ತದೆ. ಮನೆಯಲ್ಲಿ ತೀರಿಕೊಂಡವರಿಗೆ ಅದು ಫಾರ್ಮ್ 4ಎ. ಹತ್ತಿರದ ಫ್ಯಾಮಿಲಿ ಡಾಕ್ಟರನ್ನು ಮೊದಲೇ ಕರೆಸಿ, ಫೈಲ್ ತೋರಿಸಿ, ರಾತ್ರಿ ಹೊತ್ತಾದರೂ ಬಂದು ಬರೆದುಕೊಡುತ್ತೀರಾ ಎಂದು ಕೇಳಿಡಿ. ನಮ್ಮ ಅಣ್ಣ ಹೋದದ್ದು ಬೆಳಗಿನ ನಾಲ್ಕಕ್ಕೆ. ಡಾಕ್ಟರು ಐದಕ್ಕೆ ಬಂದರು. ಆ ಒಂದು ಗಂಟೆ ನಾವು ಓಡಾಡಲಿಲ್ಲ, ಅವನ ಹತ್ತಿರ ಕೂತಿದ್ದೆವು. ಸಾವಿನ ನೋಂದಣಿ 21 ದಿನದೊಳಗೆ ಆಗಬೇಕು. ಸರ್ಟಿಫಿಕೇಟಿನ ಏಳೆಂಟು ಪ್ರತಿ ಒಮ್ಮೆಲೇ ತೆಗೆದುಕೊಳ್ಳಿ.

ಉಳಿದ ಮಾರ್ಫಿನ್ ಮಾತ್ರೆಯನ್ನು ಮನೆಯಲ್ಲಿ ಇಡಬೇಡಿ, ಕಸಕ್ಕೆ ಹಾಕಬೇಡಿ, ಇನ್ನೊಬ್ಬ ರೋಗಿಗೆ ಕೊಡಬೇಡಿ. ಎಣಿಸಿ, ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಸಂಖ್ಯೆ ಬರೆದು, ತಂದ ವಿಭಾಗಕ್ಕೇ ವಾಪಸ್ ಕೊಡಿ.